ಮೊನ್ನೆಯಿಂದ ತೆರೆದದ್ದು

ಬ್ಯಾಗನ್ನು ಹೆಗಲಿನಿಂದ ಇಳಿಸುವ ಮೊದಲೇ ಅವಳಿಗೆ ಪರದೆಯ ಮೇಲಿನ ಕೆಂಪು ಪಟ್ಟಿ ಕಂಡಿತು. ಗಾಬರಿಯಾಗಬೇಕಿತ್ತು, ಆಗಲಿಲ್ಲ, ಅದರ ಬದಲು ಕಿವಿಯ ತುದಿಗಳು ಬಿಸಿಯಾದವು, ತರಗತಿಯಲ್ಲಿ ತೂಕಡಿಸುತ್ತಿದ್ದವಳನ್ನು ಯಾರೋ ಎಬ್ಬಿಸಿ ನಿಲ್ಲಿಸಿದ ಹಾಗೆ. ಲಾಗ್ ಇಟ್ಟಿದ್ದ ಡಿಸ್ಕು ತುಂಬಿಹೋಗುತ್ತಿತ್ತು. ಈ ಆಸ್ಪತ್ರೆಯಲ್ಲಿ ಯಾರು ಏನೇ ಬರೆಯಲಿ, ಕೌಂಟರಿನಲ್ಲಿ ಹೊಸ ರೋಗಿಯ ವಯಸ್ಸು, ವಾರ್ಡಿನಲ್ಲಿ ಜ್ವರದ ಅಂಕಿ, ಲ್ಯಾಬಿನಲ್ಲಿ ರಕ್ತದ ವರದಿ, ಅದು ತನ್ನ ಜಾಗಕ್ಕೆ ಹೋಗಿ ಕೂರುವ ಮೊದಲು ಲಾಗಿನಲ್ಲಿ ದಾಖಲಾಗುತ್ತಿತ್ತು. ಯಂತ್ರ ನಡುವೆ ಕುಸಿದುಬಿದ್ದರೂ ಲಾಗನ್ನು ಓದಿಕೊಂಡು ಮತ್ತೆ ಎದ್ದು ನಿಲ್ಲುವುದಕ್ಕೆ ಈ ಏರ್ಪಾಡು. ಆಗಾಗ ಲಾಗಿನ ಬ್ಯಾಕಪ್ ಆಗುತ್ತದೆ, ಆದ ಭಾಗ ಖಾಲಿ ಎಂದು ಗುರುತಾಗುತ್ತದೆ, ಹೊಸ ಬರಹ ಆ ಜಾಗದಲ್ಲೇ ಬಂದು ಕೂರುತ್ತದೆ. ಹಾಗೆ ಸುತ್ತುತ್ತಿರುವವರೆಗೂ ಯಾರಿಗೂ ಅದರ ನೆನಪೇ ಇರುವುದಿಲ್ಲ. ಎಲ್ಲೋ ಒಂದು ಕಡೆ ಖಾಲಿಯಾಗುವುದು ನಿಂತುಬಿಟ್ಟರೆ ಲಾಗ್ ಬೆಳೆಯುತ್ತ ಹೋಗುತ್ತದೆ. ಡಿಸ್ಕು ಪೂರ್ತಿ ತುಂಬಿದ ಗಳಿಗೆಯಿಂದ ಇಡೀ ಆಸ್ಪತ್ರೆಯಲ್ಲಿ ಯಾರೂ ಒಂದಕ್ಷರ ಬರೆಯಲಾರರು.

ಇದು ಒಂದು ರಾತ್ರಿಯಲ್ಲಿ ಆಗುವಂಥದಲ್ಲ ಎಂದು ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವ ಅವಳಿಗೆ ಗೊತ್ತಿತ್ತು. ಡಿಸ್ಕು ಅರ್ಧ ದಾಟಿದಾಗಲೇ ಅವಳ ಫೋನು ಬಡಿದುಕೊಳ್ಳಬೇಕು, ಮುಕ್ಕಾಲು ದಾಟಿದರೆ ಸುಮ್ಮನಿರಲು ಬಿಡಬಾರದು; ಆ ಏರ್ಪಾಡನ್ನು ಅವಳೇ ಮಾಡಿದ್ದಳು. ಮೊನ್ನೆ ಸಂಜೆ ಅಕ್ಕನ ಮಗಳ ಶಾಲೆಯ ನಾಟಕ. ಮಗು ಮರವಾಗಿ ನಿಂತಿತ್ತು, ಮಾತೇ ಇಲ್ಲದ ಪಾತ್ರ, ಆದರೂ ಅಕ್ಕ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಷ್ಟರಲ್ಲಿ ಇವಳ ಮಡಿಲಲ್ಲಿ ಫೋನು ಗುರುಗುಟ್ಟಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಕ್ಕ ವೇದಿಕೆಯಿಂದ ದೃಷ್ಟಿ ಕೀಳದೆ, ತುಟಿ ಮಾತ್ರ ಅಲುಗಿಸಿ, "ನಿನ್ನ ಆ ಯಂತ್ರಕ್ಕೇ ಒಂದು ಜಡೆ ಹಾಕಿ ಕರ್ಕೊಂಡ್ ಬರ್ಬೇಕಿತ್ತು ಕಣೆ" ಅಂದಳು. ಇವಳು ಎಚ್ಚರಿಕೆಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿಬಿಟ್ಟಳು. ನಾಟಕ ಮುಗಿದ ಮೇಲೆ ಮತ್ತೆ ಹಾಕಬಹುದಿತ್ತು. ಹಾಕಲಿಲ್ಲ; ಮರೆತಳು ಎಂದೂ ಹೇಳುವ ಹಾಗಿಲ್ಲ. ಆ ರಾತ್ರಿ ಫೋನು ತಲೆದಿಂಬಿನ ಪಕ್ಕದಲ್ಲಿ ಕಲ್ಲಿನಂತೆ ಬಿದ್ದಿತ್ತು. ಬೆಳಿಗ್ಗೆ ಎದ್ದಾಗ ಎಷ್ಟೋ ವರ್ಷಗಳ ಮೇಲೆ ಕತ್ತಿನ ನೋವು ಇರಲಿಲ್ಲ. ಇನ್ನೊಂದು ದಿನ ಹೀಗೇ ಇರಲಿ ಅಂದುಕೊಂಡಳು. ನಿನ್ನೆ ಕೆಲಸಕ್ಕೆ ಬಂದವಳು ಬೇರೊಂದು ವರದಿಯಲ್ಲಿ ತಲೆ ಹುದುಗಿಸಿ ಕೂತಳು, ಈ ಪರದೆಯ ಕಡೆ ತಿರುಗಲೇ ಇಲ್ಲ. ಬೇಕೆಂದೇ ತಿರುಗಲಿಲ್ಲವೇನೋ ಎಂದು ಈಗ ಅನ್ನಿಸಿತು.

"ಏನ್ ಮೇಡಂ, ಲ್ಯಾಬಿನವ್ರು ಆಗ್ಲಿಂದ ಒಂದೇ ಸಮ ಫೋನ್ ಮಾಡ್ತಿದ್ದಾರೆ. ಎಲ್ಲಾ ಆಮೆ ಥರ ಹೋಗ್ತಿದೆಯಂತೆ." ಆಡಳಿತಾಧಿಕಾರಿ ಬಾಗಿಲು ತಟ್ಟದೆ ಒಳಗೆ ಬಂದಿದ್ದರು. ಹಿಂದೆಯೇ ಕೇಬಲ್ಲು ನೋಡಿಕೊಳ್ಳುವ ಇಬ್ಬರು, ನೋಡಲಿಕ್ಕೆ ಏನೋ ಸಿಗುತ್ತದೆ ಎಂಬ ಮುಖ ಹೊತ್ತು.

"ಲಾಗ್ ತುಂಬ್ತಾ ಇದೆ ಸರ್. ಜಾಗ ಬಿಡುಗಡೆ ಆಗ್ತಿಲ್ಲ."

"ಲಾಗ್ ಅಂದ್ರೆ ಆಗಿಹೋದದ್ದರ ಕಸ ತಾನೆ? ಅಳಿಸಿ ಬಿಸಾಕಿ. ನಮ್ಮನೇಲಿ ಅಳಿಯ ತಿಂಗಳಿಗೊಂದ್ಸಲ ಎಲ್ಲಾ ಅಳಿಸ್ತಾನೆ. ಕಂಪ್ಯೂಟರ್ರು ಕುದುರೆ ಥರ ಓಡುತ್ತೆ."

"ಇದು ಕಸ ಅಲ್ಲ ಸರ್. ಇದನ್ನ ಅಳಿಸಿದ್ರೆ ಡೇಟಾಬೇಸ್ ಮೇಲೇಳೋದೇ ಇಲ್ಲ."

"ಎಲ್ಲದಕ್ಕೂ ಆಗಲ್ಲ ಅನ್ನೋದನ್ನ ಚೆನ್ನಾಗಿ ಕಲಿತಿದೀರಿ ಬಿಡಿ." ಇಬ್ಬರಲ್ಲಿ ಒಬ್ಬ ನಕ್ಕ. ಅವಳು ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. ಬೇರೆ ದಿನವಾಗಿದ್ದರೆ ಆ ನಗು ಮಧ್ಯಾಹ್ನದವರೆಗೂ ಅವಳನ್ನು ಕೊರೆಯುತ್ತಿತ್ತು. ಇವತ್ತು ಅದು ತನಗೆ ಸಲ್ಲಬೇಕಾದದ್ದೇ, ಇನ್ನೂ ಸ್ವಲ್ಪ ನಗಲಿ ಎಂಬಂಥ ವಿಚಿತ್ರ ಸಮಾಧಾನವಿತ್ತು. ಬ್ಯಾಕಪ್‌ಗಳು ಸರಿಯಾಗಿ ಆಗಿದ್ದವು, ಒಂದೂ ತಪ್ಪಿರಲಿಲ್ಲ. ಆದರೂ ಲಾಗ್ ಖಾಲಿಯಾಗಿರಲಿಲ್ಲ. ಕಾರಣ ಕೇಳಿದಾಗ ಯಂತ್ರ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಿತು: ಮುಗಿಯದ ಒಂದು ಟ್ರಾನ್ಸಾಕ್ಷನ್ ಇದೆ. ತೆರೆದದ್ದು ಮೊನ್ನೆ ಮಧ್ಯಾಹ್ನ. ಎಲ್ಲಿಂದ ಎಂದು ನೋಡಿದಳು. ಮೊದಲ ಮಹಡಿ, ಶಸ್ತ್ರಚಿಕಿತ್ಸೆಯ ವಿಭಾಗ, ಎಲ್ಲರೂ 'ದೊಡ್ಡ ಡಾಕ್ಟರು' ಎಂದೇ ಕರೆಯುವ ಮುಖ್ಯ ಸರ್ಜನ್ನರ ಸ್ವಂತ ಕೋಣೆಯ ಕಂಪ್ಯೂಟರು.

ಯಾರಾದರೂ ಒಂದು ಕೆಲಸ ಶುರು ಮಾಡಿ ಅದನ್ನು ಖಾಯಂ ಮಾಡದೆ, ರದ್ದೂ ಮಾಡದೆ ಬಿಟ್ಟರೆ, ಆ ಕೆಲಸ ಶುರುವಾದ ಕ್ಷಣದಿಂದ ಈಚೆಗಿನ ಲಾಗನ್ನು ಯಂತ್ರ ಬಿಟ್ಟುಕೊಡುವುದಿಲ್ಲ. ನಾಳೆ ಅವರು ರದ್ದು ಅಂದರೆ ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸಬೇಕಲ್ಲ, ಅದಕ್ಕೆ. ಅವರು ಬರೆದದ್ದು ನಾಲ್ಕೇ ಸಾಲು ಇರಬಹುದು. ಆದರೆ ಅವರ ಹಿಂದೆ ಇಡೀ ಆಸ್ಪತ್ರೆಯ ಬರವಣಿಗೆ, ಎಲ್ಲರ ಜ್ವರ, ಎಲ್ಲರ ರಕ್ತ, ಸಾಲುಗಟ್ಟಿ ನಿಂತುಬಿಡುತ್ತದೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪುಟವನ್ನು ಹೀಗೆ ಮಾಡಿಸಿದವರೂ ದೊಡ್ಡ ಡಾಕ್ಟರೇ. ಸಹಿ ಒತ್ತುವವರೆಗೂ ನಾನು ಅರ್ಧ ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಎಂದು ಸಭೆಯಲ್ಲಿ ಕೇಳಿದ್ದರು. ಮಾಡಿಕೊಟ್ಟ ಮೇಲೆ ಕಾರಿಡಾರಿನಲ್ಲಿ ಎದುರಾದಾಗ ನಿಂತು, "ಚೆನ್ನಾಗಿ ಮಾಡಿದೆಯಮ್ಮ" ಅಂದಿದ್ದರು. ಈ ಕಟ್ಟಡದಲ್ಲಿ ಅವಳಿಗೆ ನಿಂತು ಮಾತಾಡಿದವರು ಕಡಿಮೆ. ಅದನ್ನು ಅವಳು ಮನೆಗೆ ಹೋಗಿ ಅಕ್ಕನಿಗೆ ಹೇಳಿದ್ದಳು, ಏನೂ ಅಲ್ಲ ಎಂಬಂತೆ, ಅಡುಗೆ ಮನೆಯಲ್ಲಿ ಲೋಟ ತೊಳೆಯುತ್ತ.

"ಹಂಗಾದ್ರೆ ಅವರ ಕನೆಕ್ಷನ್ನು ಕತ್ತರಿಸಿ, ಮುಗೀತಲ್ಲ" ಅಂದರು ಆಡಳಿತಾಧಿಕಾರಿ. "ಯಾರದು?"

"ದೊಡ್ಡ ಡಾಕ್ಟರದು."

ಅವರು ಕನ್ನಡಕ ತೆಗೆದು ಒರೆಸಿದರು. "ಹಾಗೆಲ್ಲ ಏಕಾಏಕಿ ಬೇಡ. ನೀವೇ ಹೋಗಿ ಒಂದ್ಮಾತು ಕೇಳ್ಬಿಡಿ. ನಾನು ಬಂದ್ರೆ ಅವ್ರಿಗೆ ಒಂಥರಾ ಆಗುತ್ತೆ." ಅವಳು ಡಾಕ್ಟರಿಗೆ ಫೋನು ಮಾಡಿ ನೋಡಿದಳು, ರಿಂಗಾಗಿ ರಿಂಗಾಗಿ ನಿಂತಿತು.

ಲಿಫ್ಟಿನ ಮುಂದೆ ಗಾಲಿಕುರ್ಚಿಗಳ ಸಾಲು. ಅವಳು ಮೆಟ್ಟಿಲು ಹಿಡಿದಳು. ಒಳಗೆ ಹೋಗಿ ನಿಂತಾಗ ಏನು ಹೇಳಬೇಕು, ತಾವು ಮರೆತಿರಬೇಕು ಸರ್ ಎಂದರೆ ಅವಮಾನವಾದೀತೇ, ದಯವಿಟ್ಟು ಅನ್ನಬೇಕೇ ಎಂದು ವಾಕ್ಯ ಜೋಡಿಸುತ್ತ ಹತ್ತಿದಳು. ಜೇಬಿನಲ್ಲಿದ್ದ ಮೌನದ ಫೋನು ಪ್ರತಿ ಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು. ಬಾಗಿಲು ಓರೆಯಾಗಿತ್ತು. ದೊಡ್ಡ ಡಾಕ್ಟರು ಕಂಪ್ಯೂಟರಿನ ಮುಂದೆಯೇ ಕೂತಿದ್ದರು, ಎರಡು ಕೈಗಳನ್ನೂ ಮೇಜಿನ ಮೇಲೆ ಬೋರಲು ಇಟ್ಟುಕೊಂಡು, ಯಾರೋ ಉಗುರು ನೋಡಬೇಕು ತೋರಿಸಿ ಅಂದ ಹಾಗೆ. ಮರೆತವರ ಭಂಗಿ ಅಲ್ಲ ಅದು.

"ಬಾಮ್ಮ. ನೀನು ಕಂಪ್ಯೂಟರಿನವಳಲ್ವಾ. ಫೋನ್ ಮಾಡಿದ್ದು ನೀನೇನಾ?"

ಅವಳು ಹೇಳಿದಳು. ಮೆಟ್ಟಿಲಲ್ಲಿ ಜೋಡಿಸಿದ್ದ ಒಂದು ವಾಕ್ಯವೂ ನೆನಪಾಗದೆ ಅಡ್ಡಾದಿಡ್ಡಿಯಾಗಿ, ಲಾಗ್, ಡಿಸ್ಕು, ಲ್ಯಾಬು, ಮೊನ್ನೆಯಿಂದ ತೆರೆದೇ ಇರುವ ಟಿಪ್ಪಣಿ, ತುಂಬಿಹೋದರೆ ತುರ್ತು ವಿಭಾಗದಲ್ಲೂ ಏನೂ ಬರೆಯಲಾಗುವುದಿಲ್ಲ ಎಂದು. ಅವರು ರೋಗಿಯ ಮಾತು ಕೇಳುವಂತೆ ತಲೆ ಸ್ವಲ್ಪ ವಾರೆ ಮಾಡಿ ಕೇಳಿದರು.

"ಈಗ ಇದನ್ನ ನೀನೇ ಕತ್ತರಿಸಿದ್ರೆ?"

"ತಾವು ಬರೆದದ್ದೆಲ್ಲ ಹೋಗುತ್ತೆ ಸರ್. ಬರೆದೇ ಇಲ್ಲದ ಹಾಗೆ ಆಗುತ್ತೆ."

"ಬರೆದೇ ಇಲ್ಲದ ಹಾಗೆ." ಅವರು ಆ ಮಾತನ್ನು ಬಾಯಲ್ಲಿ ಹೊರಳಿಸಿದರು. "ಹಾಗಾದ್ರೆ ಕತ್ತರಿಸಿಬಿಡು."

ಅವಳಿಗೆ ಹಗುರವಾಯಿತು. ಇಷ್ಟು ಸುಲಭವೇ ಎಂದುಕೊಂಡು, ಧನ್ಯವಾದ ಹೇಳಲು ಬಾಯಿ ತೆರೆದವಳ ಕಣ್ಣು ಪರದೆಯ ಮೇಲೆ ಬಿತ್ತು. ಅವರು ಅದನ್ನು ಮರೆಮಾಡಲಿಲ್ಲ. ರೋಗಿಯ ವಯಸ್ಸು, ವೃತ್ತಿ ಶಿಕ್ಷಕಿ, ಥೈರಾಯ್ಡ್ ಗಂಟಿನ ಶಸ್ತ್ರಚಿಕಿತ್ಸೆ. ಅದರ ಕೆಳಗೆ ಒಂದೊಂದು ಹಂತವೂ ಅಚ್ಚುಕಟ್ಟಾಗಿ, ಕೊನೆಯ ಸಾಲಿನವರೆಗೆ: 'ಎಡಗಡೆಯ ಧ್ವನಿನರವನ್ನು ರಕ್ತನಾಳವೆಂದು ತಿಳಿದು ನಾನು ಕತ್ತರಿಸಿದ್ದೇನೆ.' ಅದರ ಮುಂದೆ ಕರ್ಸರು ಮಿನುಗುತ್ತಿತ್ತು.

"ಓದಿದೆಯಾ?"

"ಕಣ್ಣಿಗೆ ಬಿತ್ತು ಸರ್."

"ಟೀಚರ್ ಆಕೆ. ದನಿ ಹೊರಡ್ತಿಲ್ಲ. ಊತ ಅಂತ ಹೇಳಿದೀವಿ. ಇಳಿಯುತ್ತೆ, ಕಾಯಿರಿ ಅಂತ." ಅವರು ಕೈಗಳನ್ನು ಮಗುಚಿ ಅಂಗೈ ನೋಡಿಕೊಂಡರು. "ಬೇಗ ಮತ್ತೆ ತೆರೆದು ನರ ಜೋಡಿಸಿದ್ರೆ ಸ್ವಲ್ಪ ಮಟ್ಟಿಗೆ ಬರಬಹುದು. ತಡ ಆದಷ್ಟೂ ಕಷ್ಟ."

"ಮತ್ತೆ, ಸರ್?"

"ಮತ್ತೇನಮ್ಮ. ದಿನಾ ಬರ್ತೀನಿ, ಕೂರ್ತೀನಿ, ಇದನ್ನ ನೋಡ್ತೀನಿ. ಸಹಿ ಒತ್ತೋಕೂ ಆಗಲ್ಲ, ಅಳಿಸೋಕೂ ಆಗಲ್ಲ." ಆಮೇಲೆ ಬೇರೆಯೇ ದನಿಯಲ್ಲಿ, ಸಭೆಗಳಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: "ನೋಡು, ಯಂತ್ರ ಕೈಕೊಟ್ಟಿತು, ಬರೆದದ್ದು ಹೋಯ್ತು. ಆಮೇಲೆ ನಿಧಾನವಾಗಿ ಯೋಚನೆ ಮಾಡಿ ಇನ್ನೊಂದ್ಸಲ ಬರೀತೀನಿ. ನಿನಗೂ ಒಳ್ಳೇದೇ. ಇದು ಮೊನ್ನೆಯಿಂದ ತೆರೆದಿದೆ ಅಂತೀಯ. ಮೊನ್ನೆಯಿಂದ ನೀನೆಲ್ಲಿದ್ದೆ ಅಂತ ನಾನಂತೂ ಕೇಳೋದಿಲ್ಲ."

ಅವಳ ಕಿವಿ ಮತ್ತೆ ಬಿಸಿಯಾಯಿತು. ಇವರಿಗೆ ಗೊತ್ತಿರಲು ಸಾಧ್ಯವಿಲ್ಲ, ಸುಮ್ಮನೆ ಬೆರಳಿಟ್ಟು ಒತ್ತಿ ನೋಡುತ್ತಿದ್ದಾರೆ, ಎಲ್ಲಿ ನೋವು ಎಂದು. ಆದರೆ ಒತ್ತಿದ ಜಾಗ ಸರಿಯಾಗಿತ್ತು. ಕತ್ತರಿಸುವುದು ಅವಳ ಕೆಲಸವೇ. ನಿಯಮದಲ್ಲಿ ಬರೆದಿದೆ, ಮೇಲಿನವರು ಒಪ್ಪಿದ್ದಾರೆ, ಕೋಣೆಯ ಯಜಮಾನರೇ ಬೇಡಿಕೊಳ್ಳುತ್ತಿದ್ದಾರೆ. ಕೆಳಗೆ ಹೋಗಿ ಒಂದು ಸಾಲು ಬರೆದರೆ ಲ್ಯಾಬು ಉಸಿರಾಡುತ್ತದೆ, ಕೆಂಪು ಹೋಗುತ್ತದೆ, ಅವಳ ಮೌನದ ಫೋನನ್ನು ಯಾರೂ ಕೈಗೆತ್ತಿಕೊಂಡು ನೋಡುವುದಿಲ್ಲ. ತಪ್ಪು ಮಾಡಿದ ಹಾಗೂ ಆಗುವುದಿಲ್ಲ. "ನೋಡ್ತೀನಿ ಸರ್" ಎಂದು ಹೊರಬಂದಳು. ಆ ಮಾತಿಗೆ ಏನರ್ಥ ಎಂದು ಅವಳಿಗೇ ತಿಳಿಯಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡಿರಬೇಕು, ಹಿಂದಿನಿಂದ ಕುರ್ಚಿ ಹಗುರಾಗಿ ಕಿರುಗುಟ್ಟಿತು.

ಮೆಟ್ಟಿಲಿಗೆ ಹೋಗುವ ದಾರಿಯಲ್ಲಿ ಹೆಂಗಸರ ವಾರ್ಡು. ನೋಡಬಾರದು ಎಂದುಕೊಂಡೇ ನೋಡಿದಳು. ಕುತ್ತಿಗೆಗೆ ಪಟ್ಟಿ ಸುತ್ತಿದ್ದವರು ಇಬ್ಬರಿದ್ದರು. ಒಬ್ಬಾಕೆ ನಿದ್ದೆ ಮಾಡುತ್ತಿದ್ದಳು. ಇನ್ನೊಬ್ಬಾಕೆ ದಿಂಬಿಗೆ ಒರಗಿ ಗಂಡನಿಗೆ ಏನನ್ನೋ ಹೇಳಲು ಹೆಣಗುತ್ತಿದ್ದಳು. ಬಾಯಿ ಅಲುಗುತ್ತಿತ್ತು, ಹುಬ್ಬು ಅಲುಗುತ್ತಿತ್ತು, ಬರುತ್ತಿದ್ದದ್ದು ಗಾಳಿ ಮಾತ್ರ. ಗಂಡ ಕಿವಿಯನ್ನು ತುಟಿಯ ಹತ್ತಿರ ತಂದು, "ಏನು? ಕಿಟಕಿನಾ? ತೆಗೀಲಾ? ಹಾಕ್ಲಾ?" ಎಂದು ಕೇಳುತ್ತಿದ್ದ. ಆಕೆ ಕೋಪದಿಂದ ಹೊದಿಕೆಯ ಮೇಲೆ ಗುದ್ದಿದಳು. ಅವನು ನಕ್ಕು, "ಆಯ್ತು ಮಾರಾಯ್ತಿ, ಡಾಕ್ಟ್ರು ಹೇಳಿದಾರಲ್ಲ, ಊತ ಇಳೀಲಿ, ಆಮೇಲೆ ಒಟ್ಟಿಗೆ ಬೈಯುವಿಯಂತೆ" ಅಂದ. ಅವನ ನಗುವಿನಲ್ಲಿ ಅನುಮಾನವೇ ಇರಲಿಲ್ಲ. ಅದೇ ಅವಳನ್ನು ಅಲ್ಲಿಂದ ಓಡಿಸಿದ್ದು.

ಕೆಳಗೆ ಕೋಣೆಯಲ್ಲಿ ಎರಡು ಫೋನು ಒಟ್ಟಿಗೆ ಕೂಗುತ್ತಿದ್ದವು. ತುರ್ತು ವಿಭಾಗದಲ್ಲಿ ಒಬ್ಬ ರೋಗಿಯನ್ನು ದಾಖಲು ಮಾಡಿಕೊಳ್ಳಲು ಆಗಲಿಲ್ಲವಂತೆ, ಔಷಧದ ಕೌಂಟರಿನಲ್ಲಿ ಜನ ಗಲಾಟೆ ಮಾಡುತ್ತಿದ್ದಾರಂತೆ. ಡಿಸ್ಕು ತುಂಬಿಯೇಹೋಗಿತ್ತು. "ಏನಂದ್ರು? ಕತ್ತರಿಸಿ ಅಂದ್ರಾ?" ಆಡಳಿತಾಧಿಕಾರಿ ಕೈಯಲ್ಲಿ ಒಂದು ರಿಸೀವರು ಹಿಡಿದೇ ಕೇಳಿದರು.

"ಅಂದ್ರು ಸರ್."

"ದೇವರು ಕಣ್ಬಿಟ್ಟ. ಮಾಡಿ ಮತ್ತೆ!"

ಅವಳು ಕೂತಳು. ಕತ್ತರಿಸುವ ಸಾಲನ್ನು ಬರೆದೂ ಬರೆದಳು. ಒತ್ತುವುದೊಂದೇ ಬಾಕಿ. ಬೆರಳು ಗುಂಡಿಯ ಮೇಲಿತ್ತು. ಅದರ ಉಗುರು ಬೆಳ್ಳಗಾಗಿರುವುದನ್ನು ಅವಳು ನೋಡಿದಳು. ಆಮೇಲೆ ಆ ಸಾಲನ್ನು ಹಿಂದಕ್ಕೆ ಅಳಿಸುತ್ತ ಬಂದಳು. "ಏನ್ರೀ ಮಾಡ್ತಿದೀರಿ?" ಎಂದು ಬೆನ್ನ ಹಿಂದಿನಿಂದ ಕೂಗು ಬಂತು. "ಬೇರೆ ಡಿಸ್ಕಿನಲ್ಲಿ ಜಾಗ ಇದೆ ಸರ್. ಪರೀಕ್ಷೆ ಮಾಡೋಕೆ ಅಂತ ಇಟ್ಟಿದ್ದ ಡೇಟಾಬೇಸಿನ ಹಳೇ ಪ್ರತಿಗಳು, ಈಗ ಬೇಡವಾದವು. ಅವನ್ನ ತೆಗೆದು ಲಾಗಿಗೆ ಅಲ್ಲೊಂದು ಎರಡನೇ ಫೈಲ್ ಕೊಡ್ತೀನಿ. ಅದು ಅಲ್ಲಿ ಬರ್ಕೊಳ್ಳುತ್ತೆ." "ಅವ್ರೇ ಕತ್ತರಿಸು ಅಂದ್ಮೇಲೆ ಇದ್ಯಾಕೆ?" ಅವಳು ಅಳಿಸುವ ಆಜ್ಞೆ ಕೊಟ್ಟಳು. ಪ್ರತಿಗಳು ಅಳಿಯುತ್ತಿದ್ದವು, ನಿಧಾನವಾಗಿ, ಒಂದಾದ ಮೇಲೆ ಒಂದು. ಕೇಬಲ್ಲಿನವರು ನಗುವುದನ್ನು ಬಿಟ್ಟು ಉಗುರು ಕಚ್ಚುತ್ತಿದ್ದರು. ಈ ನಡುವೆ ತುರ್ತು ವಿಭಾಗದಲ್ಲಿ ಯಾರಿಗಾದರೂ ಏನಾದರೂ ಆದರೆ ಅದು ಯಾರ ತಲೆಗೆ? ಒಬ್ಬಾಕೆಯ ದನಿಗಾಗಿ ಎಷ್ಟು ಜನರನ್ನು ಬಾಗಿಲಲ್ಲಿ ನಿಲ್ಲಿಸಿದ್ದೇನೆ? ಆಕೆಗಾಗಿಯೇ ನಿಲ್ಲಿಸಿದ್ದೇನೋ, ಅಥವಾ ಆ ಮನುಷ್ಯ ನನ್ನ ನೋಯುವ ಜಾಗ ಒತ್ತಿದ್ದಕ್ಕೆ ಹಟವೋ? ಬೆವರು ಕಣ್ಣಿಗಿಳಿದು ಉರಿಯಿತು. ಕೊನೆಗೆ ಎರಡನೇ ಫೈಲು ಎದ್ದಿತು, ಲಾಗ್ ಅದರೊಳಕ್ಕೆ ಹರಿಯಿತು, ಕಾದು ನಿಂತಿದ್ದ ದಾಖಲೆಗಳು ಒಂದರ ಮೇಲೊಂದು ಬಿದ್ದುಕೊಂಡು ಒಳಗೆ ನುಗ್ಗಿದವು. ಫೋನುಗಳು ಒಂದೊಂದಾಗಿ ಸುಮ್ಮನಾದವು.

ಅವಳು ಮೊದಲ ಮಹಡಿಗೆ ಫೋನು ಮಾಡಿದಳು. ಈ ಸಲ ತಕ್ಷಣ ಎತ್ತಿದರು. "ಮುಗೀತೇನಮ್ಮ?"

"ಇಲ್ಲ ಸರ್. ಕತ್ತರಿಸಿಲ್ಲ. ಬೇರೆ ಕಡೆ ಜಾಗ ಮಾಡಿದೀನಿ. ತಾವು ಬರೆದದ್ದು ಹಾಗೇ ಇದೆ. ಇವತ್ತು ಯಂತ್ರ ನಿಲ್ಲೋದಿಲ್ಲ."

"ನಿನ್ನನ್ನ ಯಾರು ಕೇಳಿದ್ರು?" ಅಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಫೋನು ಇಟ್ಟ ಸದ್ದು ಬಂತು.

ಊಟದ ಹೊತ್ತು ಕಳೆಯಿತು. ಅವಳು ಏಳಲಿಲ್ಲ. ಮುಗಿಯದ ಟ್ರಾನ್ಸಾಕ್ಷನ್‌ಗಳ ಪಟ್ಟಿಯ ತುದಿಯಲ್ಲಿದ್ದ ಡಾಕ್ಟರ ಆ ಒಂದು ಸಾಲನ್ನೇ ನೋಡುತ್ತ ಕೂತಳು. ಅವರು ಕೋಪದಿಂದ ಆಡಳಿತ ಮಂಡಳಿಗೆ ದೂರು ಕೊಡುತ್ತಿರಬಹುದು; ಆ ಹುಡುಗಿ ರೋಗಿಯ ದಾಖಲೆ ಓದಿದಳು ಎಂದು ಹೇಳಿದರೂ ಸುಳ್ಳಲ್ಲ. ಮಂಡಳಿಯ ಮುಂದೆ ತಾನು ನಿಂತ ಹಾಗೆ, ಅಕ್ಕ ಹೊರಗೆ ಬೆಂಚಿನ ಮೇಲೆ ಕೂತ ಹಾಗೆ, ಏನೇನೋ ಕಂಡಿತು. ಬಿಸಿಲು ಕಿಟಕಿಯ ಒಂದು ಸರಳಿನಿಂದ ಇನ್ನೊಂದಕ್ಕೆ ದಾಟಿತು. ಒಮ್ಮೆ ಕಣ್ಣು ಮಿಟುಕಿಸಿ ನೋಡುತ್ತಾಳೆ, ಸಾಲು ಇಲ್ಲ. ಟ್ರಾನ್ಸಾಕ್ಷನ್ ಮುಗಿದಿತ್ತು. ಮುಂದಿನ ಬ್ಯಾಕಪ್ ಆಗುತ್ತಿದ್ದಂತೆ ಲಾಗ್ ಒಳಗೊಳಗೇ ಬರಿದಾಯಿತು, ಬಹಳ ಹೊತ್ತು ಕಟ್ಟಿದ್ದ ಉಸಿರು ಬಿಟ್ಟಂತೆ. ಆದರೆ ಮುಗಿದದ್ದು ಹೇಗೆ? ಸಹಿ ಒತ್ತಿದರೂ ಲಾಗ್ ಖಾಲಿಯಾಗುತ್ತದೆ, ರದ್ದು ಒತ್ತಿದರೂ ಖಾಲಿಯಾಗುತ್ತದೆ. ಜಾಗ ಸಿಕ್ಕಿದ್ದರಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಆ ಟಿಪ್ಪಣಿಯನ್ನೇ ತೆರೆಯಬೇಕು. ತೆರೆಯುವ ಹಕ್ಕು ಅವಳಿಗಿರಲಿಲ್ಲ, ದಾರಿ ಮಾತ್ರ ಗೊತ್ತಿತ್ತು. ತೆರೆದಳು.

ಟಿಪ್ಪಣಿ ಇತ್ತು. ಸಹಿಯೂ ಇತ್ತು. ಕೆಳಗೆ ಕಿವಿ-ಮೂಗು-ಗಂಟಲಿನ ವಿಭಾಗಕ್ಕೆ ತುರ್ತು ಸೂಚನೆ, ನಾಳೆ ಬೆಳಿಗ್ಗೆ ಮತ್ತೆ ಶಸ್ತ್ರಚಿಕಿತ್ಸೆ, ರೋಗಿಗೂ ಮನೆಯವರಿಗೂ ಇಂದೇ ತಿಳಿಸಬೇಕು. ಅವಳು ಕುರ್ಚಿಗೆ ಒರಗಿದಳು. ಆಮೇಲೆ ಹಿಂದಿನ ಸಾಲಿಗೆ ಬಂದಳು. 'ಎಡಗಡೆಯ ಧ್ವನಿನರವು ಗಂಟಿಗೆ ಅಂಟಿಕೊಂಡಿದ್ದು, ಬೇರ್ಪಡಿಸುವಾಗ ತುಂಡಾಗಿದೆ.' ಎರಡು ಸಲ ಓದಿದಳು. 'ನಾನು' ಹೋಗಿತ್ತು, 'ಕತ್ತರಿಸಿದ್ದೇನೆ' ಹೋಗಿತ್ತು, ನರ ತಾನಾಗಿಯೇ ತುಂಡಾಗಿತ್ತು. ಟೀಚರಿಗೆ ಬೇಕಾದದ್ದು ಸಿಕ್ಕಿತು, ಸಿಗಬಹುದಾದಷ್ಟು ಸಿಕ್ಕಿತು, ಅಷ್ಟಕ್ಕೆ ಸಂತೋಷಪಡಬೇಕು. ಆದರೂ ಎರಡು ದಿನ ಕೂತು ಕೂತು ಇಷ್ಟೇನಾ? ಅಷ್ಟು ಅಚ್ಚುಕಟ್ಟಾದ ಕೈಗಳ ಮನುಷ್ಯ ಕೊನೆಗೆ ಒಂದು ಕ್ರಿಯಾಪದದ ಹಿಂದೆ ಅಡಗಿಕೊಂಡದ್ದನ್ನು ನೋಡಿ, ಇವರ ಒಂದು ಮಾತನ್ನೇ ತಾನು ಮನೆಗೆ ಒಯ್ದು ಅಕ್ಕನಿಗೆ ಹೇಳಿದ್ದು ಎಂದು ನಾಚಿಕೆಯಾಯಿತು.

"ಎಲ್ರೀ, ಇನ್ನೂ ಕೆಂಪೇ ಇದೆಯಲ್ಲ!" ಆಡಳಿತಾಧಿಕಾರಿ ಅವಳ ಭುಜದ ಮೇಲಿಂದ ಬಾಗಿ ಡಿಸ್ಕಿನ ಪಟ್ಟಿ ತೋರಿಸಿದರು. ಅವಳು ಬೇಗನೆ ಟಿಪ್ಪಣಿ ಮುಚ್ಚಿದಳು.

"ಡಿಸ್ಕಿನಲ್ಲಿ ಫೈಲು ಅಷ್ಟೇ ದೊಡ್ಡದಾಗಿ ಕೂತಿದೆ ಸರ್. ಒಳಗೆ ಖಾಲಿಯಾಗಿದೆ. ಖಾಲಿಯಾದ ತಕ್ಷಣ ತಾನಾಗಿ ಚಿಕ್ಕದಾಗಲ್ಲ, ನಾವೇ ಕುಗ್ಗಿಸಬೇಕು. ಜನ ಕಡಿಮೆಯಾದ ಮೇಲೆ ಕುಗ್ಗಿಸ್ತೀನಿ. ಈಗ ಏನೂ ತೊಂದರೆ ಇಲ್ಲ."

"ಒಟ್ನಲ್ಲಿ ಬಚಾವ್." ಅವರು ಕುರ್ಚಿ ಎಳೆದು ಕೂತರು. ಅವರ ಮುಖ ಒಮ್ಮೆಲೇ ವಯಸ್ಸಾದವರ ಮುಖವಾಗಿತ್ತು. ಬೆಳಿಗ್ಗೆಯಿಂದ ಅವರೂ ಹೆದರಿದ್ದರು ಎಂದು ಅವಳಿಗೆ ಆಗ ಹೊಳೆಯಿತು. "ಅಲ್ಲಾ, ಮೊದಲೇ ಎಚ್ಚರಿಕೆ ಬರುತ್ತೆ ಅಂತ ಹೇಳಿದ್ರಲ್ಲ ನೀವು. ಅದು ಬರ್ಲಿಲ್ವಾ?"

"ಎಚ್ಚರಿಕೆ ನಿಂತುಹೋಗಿತ್ತು ಸರ್."

ಎಷ್ಟು ಸಲೀಸಾಗಿ ಬಂತು. ಯೋಚಿಸಿದ್ದಲ್ಲ, ಜೋಡಿಸಿದ್ದಲ್ಲ, ಸಿದ್ಧವಾಗಿ ನಾಲಿಗೆಯ ಮೇಲೇ ಕೂತಿತ್ತು.

"ಯಂತ್ರ ಅಂದ್ಮೇಲೆ ಅಷ್ಟೇ ಬಿಡಿ" ಎಂದು ಅವರು ಒಪ್ಪಿಬಿಟ್ಟರು. ಒಪ್ಪಿಕೊಂಡು, ಮಂಡಳಿಯವರಿಗೆ ವಿಷಯ ತಿಳಿಸಲು ಫೋನು ತೆಗೆದು ನಂಬರು ಒತ್ತತೊಡಗಿದರು. ಕೇಬಲ್ಲಿನವರಲ್ಲಿ ಒಬ್ಬ ಅವಳಿಗೆಂದು ಕಾಫಿ ತಂದಿಟ್ಟ. ಬೆಳಿಗ್ಗೆ ನಕ್ಕವನೇ. ಇಲ್ಲಿಗೆ ಬಿಟ್ಟರೆ ಎಲ್ಲ ಮುಗಿಯಿತು. ಅವಳು ಲೋಟ ಮುಟ್ಟಲಿಲ್ಲ.

"ಸರ್, ನಿಂತುಹೋಗಿರಲಿಲ್ಲ. ನಾನೇ ನಿಲ್ಲಿಸಿದ್ದೆ."

ಅವರಿಗೆ ಆ ಕಡೆ ಲೈನು ಸಿಕ್ಕಿತ್ತು. "ನಮಸ್ಕಾರ, ನಮಸ್ಕಾರ, ಈಗ ಎಲ್ಲಾ ಸರಿಹೋಯ್ತು" ಎನ್ನುತ್ತ ಅವಳ ಕಡೆಗೆ ಕೈ ಆಡಿಸಿದರು, ಇರಲಿ ಇರಲಿ ಎಂಬಂತೆ. ಕೇಳಿಸಿರಲಿಲ್ಲ. ಕಾಫಿ ತಂದವನಿಗೆ ಕೇಳಿಸಿತ್ತು. ಅವನು ಮುಖ ಬೇರೆ ಕಡೆ ತಿರುಗಿಸಿದ. ಅವಳು ಎದ್ದು ನಿಂತಳು. ಅವರ ಮಾತು ಉದ್ದವಾಯಿತು. ಯಂತ್ರದ ದೋಷ, ಹಠಾತ್ ದೋಷ, ನಮ್ಮವರು ತುಂಬಾ ಚುರುಕಾಗಿ ಕೆಲಸ ಮಾಡಿದರು ಎಂದು ಅವಳನ್ನು ಹೊಗಳಿಯೂ ಹೊಗಳಿದರು. ಅವಳು ನಿಂತೇ ಇದ್ದಳು. ಕೊನೆಗೆ ಅವರು ಫೋನು ಇಟ್ಟರು.

"ಇನ್ನೂ ಏನ್ರೀ?"

ಅವಳು ಎರಡನೆಯ ಸಲ ಹೇಳಿದಳು.